ಮಾರ್ಸಲಿಯ ಸೀಸದ ಬಿಲ್ಲೆ

ಲೂಯಿಸ್ ದ್ವೀಪದ ನಮ್ಮೂರಲ್ಲಿ, ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನಗಳು ಬಂದವೆಂದರೆ ಮಾರ್ಸಲಿಯ ಮನೆ ಛತ್ರವೇ ಸರಿ. ಪರವೂರಿನ ಭಕ್ತರು ಹತ್ತು ಹನ್ನೊಂದು ಮಂದಿ ಅಲ್ಲೇ ಬೀಡುಬಿಡುತ್ತಿದ್ದರು. ಗುರುವಾರ ಉಪವಾಸ, ಶುಕ್ರವಾರ ಪ್ರಶ್ನೋತ್ತರ, ಶನಿವಾರ ಸಿದ್ಧತೆಯ ಆರಾಧನೆ. ಅದು ಮುಗಿದ ಮೇಲೆ ಸಭೆಯ ಹಿರಿಯರು ಒಬ್ಬೊಬ್ಬರನ್ನೇ ವಿಚಾರಿಸಿ ಸೀಸದ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಪಡೆದವರು ಮಾತ್ರ ಭಾನುವಾರ ಪ್ರಭುವಿನ ಮೇಜಿಗೆ ಕೂರಬಹುದು. ಮಾರ್ಸಲಿಗೆ ಎಪ್ಪತ್ತೊಂದಾದರೂ ಒಮ್ಮೆಯೂ ಕೂತವಳಲ್ಲ.

ಅದರಲ್ಲಿ ಸೋಜಿಗವಿಲ್ಲ. ಯೋಗ್ಯತೆ ಸಾಲದೆಂದು ಹಿಂದಿನ ಬೆಂಚಿನಲ್ಲೇ ಆಯುಸ್ಸು ಕಳೆದವರು ನಮ್ಮಲ್ಲಿ ಬೇಕಾದಷ್ಟು. ಎಂಥ ವಿನಯವೆಂದು ಜನ ಅವಳನ್ನು ಹೊಗಳುತ್ತಿದ್ದರು. ಅದನ್ನು ಕೇಳಲು ಅವಳಿಗೆ ಹಿತವೂ ಆಗುತ್ತಿತ್ತು, ಆಮೇಲೆ ನಾಚಿಕೆಯೂ ಆಗುತ್ತಿತ್ತು. ಏಕೆಂದರೆ ಮೊದಲು ಅವಳಿಗೂ ಅದೇ ಅಳುಕಿದ್ದರೂ ಈಚಿನ ನಿಜವಾದ ಕಾರಣ ಪಕ್ಕದ ಮನೆಯಲ್ಲಿತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ನಾದಿನಿ ಬೇಹಾಗ್, ಒಲೆಗೆ ಉರಿಸುವ ಜೌಗುಮಣ್ಣನ್ನು ಇವಳ ಗಡಿ ದಾಟಿ ಕಡಿದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ; ಮನಸ್ಸಲ್ಲಿ ಹಗೆ ಇಟ್ಟುಕೊಂಡು ಆ ಮೇಜಿಗೆ ಕೂರುವುದು ಅವಳಿಂದಾಗದು.

ಆ ವರ್ಷ ಮಾರ್ಸಲಿಗೆ ಎರಡು ಸಲ ಎದೆನೋವು ಬಂದಿತ್ತು. ಈ ಸಲ ತಪ್ಪಿದರೆ ಮೇಜು ತನ್ನ ಪಾಲಿಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ದಿನ ಮಂಡಿಯೂರಿ ಸಿಟ್ಟನ್ನು ತೆಗೆದುಬಿಡು ಎಂದು ದೇವರನ್ನು ಬೇಡಿದಳು. ಸಿಟ್ಟು ಜಪ್ಪಯ್ಯ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಒಲೆಯ ಮೇಲೆ ಕುರಿಮಾಂಸದ ಸಾರು ಕುದಿಯುತ್ತಿತ್ತು. ಪ್ರತಿ ವರ್ಷವೂ ಬಿಲ್ಲೆಯ ಹೊತ್ತಿಗೆ ಅವಳಿಗೆ ಸಾರಿನದೇ ನೆಪ. ಆ ದಿನ ಮಾತ್ರ ಸೌಟು ಕೆಳಗಿಟ್ಟು, ಏಪ್ರನ್ನಿನಲ್ಲೇ ಹೋಗಿ ನಾದಿನಿಯ ಬಾಗಿಲು ತಟ್ಟಿದಳು.

"ನಿನ್ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಕಣೇ," ಎಂದಳು. "ಹೋಗಿದೆ ಅಂತ ಸುಳ್ಳು ಹೇಳೋಕೆ ಬಂದಿಲ್ಲ. ಹೋಗ್ಲಿ ಅಂತ ಬೇಡ್ಕೊಳ್ತಾ ಇದ್ದೀನಿ. ನಾನು ಹಿರಿಯರ ಹತ್ರ ಹೋಗಿಬರೋವರೆಗೂ ಸಾರು ನೋಡ್ಕೊಳ್ತೀಯಾ?"

ಬೇಹಾಗ್ ಬಾಗಿಲನ್ನು ಪೂರ್ತಿ ತೆರೆದಳು.

"ಉಪ್ಪು ಹಾಕಿದ್ಯಾ?"

"ಹಾಕಿದ್ದೀನಿ."

"ನಿನ್ ಕೈ ಯಾವಾಗ್ಲೂ ಕಮ್ಮಿನೇ," ಎಂದು ಗೊಣಗುತ್ತ ಬೇಹಾಗ್ ಶಾಲು ಹೊದ್ದುಕೊಂಡಳು.

ಹಿರಿಯರಲ್ಲಿ ಟೊರ್ಕಿಲ್ ಎಂಬಾತ ಎಂಥವರಿಗೂ ಬೆವರಿಳಿಯುವಂತೆ ಪ್ರಶ್ನಿಸುವ ಮನುಷ್ಯ. ಮನಸ್ಸನ್ನು ಹೇಗೆ ಸಿದ್ಧ ಮಾಡಿಕೊಂಡಿದ್ದೀ ಎಂದು ಅವಳನ್ನು ಕೇಳಿದ. ಬೇರೆಯವರು ಚೆಂದದ ವಚನಗಳನ್ನು ಒಪ್ಪಿಸಿ ಹೋಗಿದ್ದರು.

"ಸಿದ್ಧ ಆಗಿಲ್ಲ ಟೊರ್ಕಿಲ್. ಎದೆ ತುಂಬ ಕಸ ಇದೆ. ಗುಡಿಸಿ ಗುಡಿಸಿ ಸಾಕಾಯ್ತು. ಪ್ರಭುವೇ ಒಳಗೆ ಬಂದು ಗುಡಿಸ್ಲಿ ಅಂತ ಬಾಗಿಲು ತೆಗೆದಿದ್ದೀನಿ, ಅಷ್ಟೇ."

ಟೊರ್ಕಿಲ್ ಎರಡನೇ ಪ್ರಶ್ನೆ ಕೇಳಲೇ ಇಲ್ಲ. ಅವಳ ಅಂಗೈಯಲ್ಲಿ ಬಿಲ್ಲೆಯಿಟ್ಟು, ತನ್ನ ಎರಡೂ ಕೈಗಳಿಂದ ಆ ಕೈಯನ್ನು ಮುಚ್ಚಿದ. ಆತನ ಕಣ್ಣು ಒದ್ದೆಯಾಗಿದ್ದನ್ನು ನಾವೆಲ್ಲ ಕಂಡದ್ದು ಅದೊಂದೇ ಸಲ.

ಅವಳು ಮನೆಗೆ ಬಂದಾಗ ಪರವೂರಿನವರೆಲ್ಲ ಊಟಕ್ಕೆ ಕೂತಿದ್ದರು, ಬೇಹಾಗ್ ಬಡಿಸುತ್ತಿದ್ದಳು. ಸಾರು ಉಪ್ಪೆಂದರೆ ಉಪ್ಪು, ಬಾಯಿಗಿಡುವಂತಿರಲಿಲ್ಲ. ಅವರಲ್ಲಿದ್ದ ಪಾದ್ರಿಯೊಬ್ಬರು ನೀರಿಗೆ ಕೈಚಾಚಿದರು.

ಎಡಗೈಯಲ್ಲಿ ಬಿಲ್ಲೆಯನ್ನು ಹಿಡಿದೇ ಮಾರ್ಸಲಿ ತನ್ನ ಬಟ್ಟಲನ್ನು ಖಾಲಿ ಮಾಡಿದಳು. ಆಮೇಲೆ ಅದನ್ನು ನಾದಿನಿಯ ಮುಂದೆ ಚಾಚಿ, "ಇನ್ನೊಂದು ಸೌಟು ಹಾಕೇ," ಎಂದಳು.