ಸಿಗ್ನಲ್ ಬಂಡೆಯ ಮೇಲೆ ಅಧಿಕಾರಿ

ಬಂಡೆಯ ಮೇಲೆ ಕಂಬಳಿ ಹಾಸಿದವನು ನಾನೇ ಇರಬೇಕು. ಸರಿಯಾಗಿ ನೆನಪಿಲ್ಲ, ಆದರೆ ಉಳಿದವರೆಲ್ಲ ತಾವಲ್ಲ ಎನ್ನುತ್ತಾರೆ. ಮೊಬೈಲ್ ಕಂಪನಿ ಹೇಳಿಕೊಂಡಂತೆ ಹೊಸಹಳ್ಳಿ ಹತ್ತಿರದ ನಮ್ಮೂರಲ್ಲಿ ಸಿಗ್ನಲ್ ಇದೆಯೇ ಎಂದು ಅಳೆಯಲು ಸರ್ಕಾರದ ಅಧಿಕಾರಿ ಬಂದಿದ್ದರು. ಇಲ್ಲವೆಂದು ಅವರು ಬರೆದರೆ ಕಂಪನಿ ಟವರ್ ಹಾಕಲೇಬೇಕು. ನಾವೋ, ಬಂದವರಿಗೆ ಒಳ್ಳೆಯ ಜಾಗವೆಂದು, ಊರವರೆಲ್ಲ ಫೋನ್ ಮಾಡಲು ಹತ್ತುವ ಬಂಡೆಯ ಮೇಲೆಯೇ ಕೂರಿಸಿ ಮಂಡಕ್ಕಿ, ಮಿರ್ಚಿ ಕೊಟ್ಟೆವು. ತಾವು ತಂದಿದ್ದ ಸಿಗ್ನಲ್ ಅಳೆಯುವ ಯಂತ್ರ ನೋಡಿ ಅವರು "ಸಿಗ್ನಲ್ ಚೆನ್ನಾಗಿದೆಯಲ್ಲ!" ಎಂದರು.

ಕುರಿ ಹೊಡೆದುಕೊಂಡು ಬರುತ್ತಿದ್ದ ಹನುಮಕ್ಕ ಕೂಗಿದಳು: "ಲೇ, ನಿಮಗ ಬುದ್ಧಿ ಐತೇನ್ರೋ? ಅಲ್ಯಾಕ ಕುಂದ್ರಿಸೀರಿ? ಸಾಹೇಬ್ರ, ಇಳೀರಿ, ನಮ್ಮ ಮನಿಗೆ ಬಂದು ಅಳೀರಿ!"

ಅವಳ ಮನೆಯಲ್ಲಿ ಯಂತ್ರ ಸೊನ್ನೆ ತೋರಿಸಿದಾಗ ಊರೇ ಚಪ್ಪಾಳೆ ತಟ್ಟಿತು, ಅಧಿಕಾರಿಯೂ ನಕ್ಕರು. ವರದಿಯಲ್ಲಿ ಅವರು ಬಂಡೆಯದನ್ನು ಬರೆದರೋ ಮನೆಯದನ್ನೋ, ನನಗೆ ಇಂದಿಗೂ ಗೊತ್ತಿಲ್ಲ.