ಕಾಲು ನಂದು ಎಂದ ಮಿಲ್ಲಿನಕ್ಕ

ಮೊನ್ನೆ ನಿಮ್ಮಮ್ಮ ರಾಗಿ ಬೀಸಿಸಿಕೊಂಡು ಬಂದು ಡಬ್ಬಕ್ಕೆ ಸುರಿಯುತ್ತಿದ್ದಳು. ಹಿಟ್ಟು ಇನ್ನೂ ಬಿಸಿಯಾಗಿತ್ತು. ಆ ಬಿಸಿ ಹಿಟ್ಟಿನ ವಾಸನೆ, ಅದರ ಜೊತೆಗೇ ಚೂರು ರಬ್ಬರ್ ಬೆಲ್ಟು ಕಾದ ವಾಸನೆ... ನಾನು ಡಬ್ಬದ ಮುಂದೆ ಹಾಗೇ ನಿಂತುಬಿಟ್ಟೆ. ಯಾಕಜ್ಜಿ ಎಂದು ನೀವಿಬ್ಬರೂ ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿಗೆ ಬರುವ ಮೊದಲು ನಾವು ಗುಬ್ಬಿಯಲ್ಲಿದ್ದೆವು. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಪಕ್ಕದ ಮನೆಯ ಅಕ್ಕನ ಹಿಟ್ಟಿನ ಮಿಲ್ಲು. ಎಲ್ಲರೂ ಅವರನ್ನು ಮಿಲ್ಲಿನಕ್ಕ ಎನ್ನುತ್ತಿದ್ದರು. ಗಂಡ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹುಬ್ಬು, ರೆಪ್ಪೆ, ತಾಳಿ ಸರ, ಎಲ್ಲದರ ಮೇಲೂ ಹಿಟ್ಟು. ಮೋಟರಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದೆ. ಒಂದು ದಿನ ಅಕ್ಕ ಗೋಡೆಯಾಚೆಯಿಂದ ಕೂಗಿದರು: "ಏನೇ ತಾಯಿ, ಗಂಡನ ಜೊತೆ ನಾಲ್ಗೇನೂ ಕಳ್ಸ್‌ಬುಟ್ಯಾ? ಬಾ ಇಲ್ಲಿ, ಜರಡಿ ಹಿಡಿ." ಹೋದೆ. ಅಂದಿನಿಂದ ನನ್ನ ಮಧ್ಯಾಹ್ನಗಳು ಅಲ್ಲೇ ಕಳೆದವು.

ಅಕ್ಕನಿಗೆ ಶುಗರ್ ಇತ್ತು. ಒಮ್ಮೆ ಮಿಲ್ಲಿನಲ್ಲೇ ತಲೆ ಸುತ್ತಿ ಬಿದ್ದರು. ಹಿಟ್ಟಿಗೆ ಬರುತ್ತಿದ್ದ ವಕೀಲರೊಬ್ಬರು, ನಿಮಗೆ ಜ್ಞಾನ ತಪ್ಪಿದರೆ ಚಿಕಿತ್ಸೆಯ ವಿಷಯ ಯಾರು ತೀರ್ಮಾನ ಮಾಡಬೇಕು ಎಂದು ಮೊದಲೇ ಬರೆದಿಡಿ ಎಂದರು. ಅಕ್ಕ ಹಿಂದೆಮುಂದೆ ನೋಡದೆ ಕುಣಿಗಲ್‌ನಲ್ಲಿದ್ದ ತಮ್ಮನ ಹೆಸರು ಬರೆಸಿದರು. ಇದ್ದವನು ಅವನೊಬ್ಬನೇ. ಪ್ರತಿ ಗೌರಿ ಹಬ್ಬಕ್ಕೂ ತಪ್ಪದೆ ಬಾಗಿನ ತರುತ್ತಿದ್ದ. ಅವನು ಬರುವ ದಿನ ಮಿಲ್ಲು ಬಂದ್. ಅಕ್ಕ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಬೆಳಗ್ಗೆಯಿಂದ ಬಾಗಿಲಲ್ಲೇ ಕೂತಿರುತ್ತಿದ್ದರು.

ಆಮೇಲೊಂದು ವರ್ಷ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ನೋವೇ ತಿಳಿಯದ್ದರಿಂದ ನೋಡಿಕೊಂಡಿರಲಿಲ್ಲ. ಬೆರಳು ಕಪ್ಪಾಗಿ, ಜ್ವರ ಏರಿದಾಗ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಪಾದ ತೆಗೆದರೆ ಜೀವ ಉಳಿಯುತ್ತದೆ, ನಂಜು ಮೇಲೇರಿದರೆ ಕಷ್ಟ ಎಂದರು ಡಾಕ್ಟರು. ಅಕ್ಕನಿಗೆ ಆಗ ಮೈಮೇಲೆ ಜ್ಞಾನವಿರಲಿಲ್ಲ. "ಮೋಟರ್ ಆಫ್ ಮಾಡ್ರೋ" ಎಂದು ಬಡಬಡಿಸುತ್ತಿದ್ದರು. ತಮ್ಮ ಓಡಿ ಬಂದ, ಅಕ್ಕ ಬರೆಸಿಟ್ಟಿದ್ದ ಪತ್ರ ತೋರಿಸಿದ. "ನಮ್ಮಕ್ಕನ ಕಾಲು ಕೊಯ್ಯಕ್ಕೆ ನಾನು ಒಪ್ಪಲ್ಲ. ಔಷಧೀಲೇ ವಾಸಿ ಮಾಡಿ," ಎಂದ. ಅಳುತ್ತಲೇ ಹೇಳಿದ. ಪ್ರೀತಿಯಿಲ್ಲದ ಮಾತಲ್ಲ ಅದು.

ಇಂಜೆಕ್ಷನ್ ಹಿಡಿದು ಜ್ವರ ಸ್ವಲ್ಪ ಇಳಿಯಿತು. ಅಕ್ಕ ಕಣ್ಣು ಬಿಟ್ಟವರೇ ಡಾಕ್ಟರನ್ನು ಕರೆಸಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು.

"ನಾನು ಒಪ್ಕಂಡ್ರೆ ಕೊಯ್ತೀರಾ?"

ಕೊಯ್ಯುತ್ತೇವೆ, ಆದರೆ ಶುಗರ್ ಹತೋಟಿಗೆ ಬರಬೇಕು, ನಾಳಿದ್ದಾಗುತ್ತದೆ ಎಂದರು.

"ಅಷ್ಟ್ರಲ್ಲಿ ಮತ್ತೆ ಜ್ವರ ಏರಿ ನನ್ ತಲೆ ಕೆಟ್ರೆ?"

ಆಗ ಪತ್ರದಲ್ಲಿರುವವರನ್ನು ಕೇಳಬೇಕಾಗುತ್ತದೆ ಎಂದರು ಡಾಕ್ಟರು.

"ಹಂಗಾದ್ರೆ ಕಾಲಿಗಿಂತ ಮೊದ್ಲು ಆ ಪತ್ರ ತೆಗೀಬೇಕು," ಎಂದರು ಅಕ್ಕ.

ಮಾರನೆಯ ಬೆಳಗ್ಗೆಯೇ ಆ ವಕೀಲರು ನೋಟರಿಯನ್ನು ಕರೆದುಕೊಂಡು ವಾರ್ಡಿಗೆ ಬಂದರು. ತಮ್ಮನಿಗೆ ಕೊಟ್ಟಿದ್ದ ಅಧಿಕಾರವನ್ನು ರದ್ದು ಮಾಡಿದ್ದೇನೆ ಎಂದು ಬರೆದ ಕಾಗದ. ಸಾಕ್ಷಿಗೆ ನಾನು, ಮತ್ತೆ ಮಿಲ್ಲಿಗೆ ಮೂಟೆ ಸಾಗಿಸುತ್ತಿದ್ದ ಆಟೋದವನು. ಎದುರು ಹಾಸಿಗೆಯ ಮುದುಕಿ, "ಒಡಹುಟ್ಟಿದವ್ನ ಮೇಲೆ ಕಾಗ್ದ ಮಾಡ್ತಾವ್ಳೆ, ತವರು ಕಳ್ಕತಾಳೆ," ಎಂದು ಕೇಳಿಸುವ ಹಾಗೇ ಗೊಣಗಿದಳು. ಅಕ್ಕ ಬಿಡಲಿಲ್ಲ. "ತವರಿಗೆ ಹೋಗಕ್ಕೆ ಮೊದ್ಲು ನಾನು ಬದುಕಿರ್ಬೇಕಲ್ಲಜ್ಜಿ."

ನೋಟರಿ ನನ್ನ ಕಡೆ ತಿರುಗಿದರು. ಇವರು ಸ್ವಂತ ಬುದ್ಧಿಯಿಂದ ಮಾಡುತ್ತಿದ್ದಾರೋ, ಯಾರಾದರೂ ಹೇಳಿಕೊಟ್ಟಿದ್ದಾರೋ ಎಂದು ಕೇಳಿದರು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಾಗಲೂ ಬಾಯಿ ಬಿಡದವಳು ನಾನು. ವಾರ್ಡಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸೆರಗು ಹಿಡಿದುಕೊಂಡು ಹೇಳಿದೆ: "ಇವ್ರಿಗೆ ಹೇಳ್ಕೊಡೋರು ಇನ್ನೂ ಹುಟ್ಟಿಲ್ಲ ಸ್ವಾಮಿ." ನೋಟರಿ ನಕ್ಕು ಸೀಲು ಒತ್ತಿದರು. ಒಂದು ಪ್ರತಿ ಆಸ್ಪತ್ರೆಗೆ ಹೋಯಿತು.

ಇನ್ನೊಂದನ್ನು ಅಕ್ಕ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಕಾದರು. ಸಂಜೆ ಎಳನೀರು ಹಿಡಿದುಕೊಂಡು ತಮ್ಮ ಬಂದ. ಅವನ ಕೈಗೇ ಕೊಟ್ಟರು. ಓದಿ ಅವನ ಮುಖ ಸಣ್ಣದಾಯಿತು.

"ನಾನೇನ್ ನಿಂಗೆ ಶತ್ರುನಾ?"

"ಅಲ್ಲ ಕಣೋ, ತಮ್ಮ. ಅದಕ್ಕೇ ಕೊಯ್ಸಕ್ಕೆ ನಿನ್ ಕೈಲಾಗಲ್ಲ. ನನ್ ಕೈಲಾಯ್ತದೆ."

"ಇನ್ಮೇಲೆ ಗೌರಿ ಹಬ್ಬಕ್ಕೆ ನಾನು ಬರಲ್ಲ."

"ಬಾಗಿನ ನಿಂದು, ಕೊಡ್ದಿದ್ರೆ ಬುಡು. ಕಾಲು ನಂದು."

ಎಳನೀರನ್ನು ಕಿಟಕಿಯ ಮೇಲಿಟ್ಟು ಅವನು ಹೊರಟುಹೋದ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದರು. ಅತ್ತರೋ ಏನೋ... ನಾನು ನೋಡಲು ಹೋಗಲಿಲ್ಲ.

ಪಾದ ಹೋಯಿತು, ಜೀವ ಉಳಿಯಿತು. ಕೃತಕ ಪಾದ ಕಟ್ಟಿಕೊಂಡು ನಡೆಯುವುದನ್ನು ಕಲಿತರು. ಎತ್ತರದ ಸ್ಟೂಲಿನ ಮೇಲೆ ಕೂತು ಮಿಲ್ಲು ನಡೆಸಿದರು. ಬಂದವರು ಅಯ್ಯೋ ಪಾಪ ಎಂದರೆ, "ಪಾಪ ಅನ್ಬೇಡಿ, ರಾಗೀಲಿ ಕಲ್ಲೈತೆ, ಕೇರ್ಕಂಡು ಬನ್ನಿ," ಎಂದು ವಾಪಸ್ ಕಳಿಸುತ್ತಿದ್ದರು.

ಗೌರಿ ಹಬ್ಬ ಬಂತು. ತಮ್ಮ ಬರಲಿಲ್ಲ. ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕೂತಿದ್ದು, ಆಮೇಲೆ ಎದ್ದು ಬೀಗ ಹಾಕಿದರು. ನನ್ನ ಕೈ ಹಿಡಿದುಕೊಂಡೇ ಬಸ್ಸು ಹತ್ತಿದರು. ತುಮಕೂರಿನಲ್ಲಿ ಇಳಿದು ಕುಣಿಗಲ್ ಬಸ್ಸು. ತಮ್ಮ ಬಾಗಿಲು ತೆರೆದ.

"ಬರಲ್ಲ ಅಂದಿದ್ದು ನೀನು. ನಾನು ಅಂದಿದ್ನಾ? ಎಲ್ಲಿ ನನ್ ಬಾಗಿನ?"

ಅವನು ಅಕ್ಕನ ಪಾದ ನೋಡಿದ, ಒಳಗೆ ಹೋದ. ಅವನ ಹೆಂಡತಿ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡಳು. "ನಿನ್ನೆಯಿಂದ ಮೊರ ಕಟ್ಟಿ ಇಟ್ಕಂಡವ್ರೆ ಅತ್ತಿಗೆ. ತಗೊಂಡ್ ಬರಕ್ಕೆ ಮೀಸೆ ಅಡ್ಡ ಬಂತು." ಆ ದಿನ ಅವನು ಬಾಗಿನ ಕೊಟ್ಟ, ತಾನೇ ನಿಂತು ಹೋಳಿಗೆ ಬಡಿಸಿದ, ಮಾತು ಮಾತ್ರ ಆಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ, ಮತ್ತೆ ಅವನ ಹೆಸರು ಬರೆಸುತ್ತೀರಾ ಅಕ್ಕ ಎಂದು ಕೇಳಿದೆ.

"ಹೋಳಿಗೆ ಹಾಕ್ದ ಅಂತ ಕಾಲು ಕೊಡ್ತಾರೇನೇ?" ಎಂದು ನಕ್ಕರು. ಆಮೇಲೆ ಕಿಟಕಿಯಾಚೆ ನೋಡುತ್ತಾ, "ನಿನ್ ಹೆಸ್ರು ಬರೆಸ್ತೀನಿ. ನೀನು ನಾನ್ ಹೇಳಿದ್ದಷ್ಟೇ ಹೇಳ್ತೀಯ," ಎಂದರು. ಹಾಗೇ ಬರೆಸಿದರು ಕೂಡ.

ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಅಕ್ಕನ ಹೃದಯ ನಿಂತುಹೋಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ. ತಮ್ಮ ಬಂದು ಆ ಕೃತಕ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ...

ಮಕ್ಕಳೇ, ಹೋದ ವಾರ ನನ್ನ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ನಿಮ್ಮಪ್ಪ, ಈ ವಯಸ್ಸಿನಲ್ಲಿ ಅಮ್ಮಂಗೆ ಬೇಡ, ಮಾತ್ರೆ ಕೊಡಿ ಎಂದ. ಡಾಕ್ಟರು ಅವನಿಗೇ ತಲೆಯಾಡಿಸಿ ಚೀಟಿ ಬರೆಯಲು ಹೊರಟರು. "ನನ್ನನ್ನ ಕೇಳಿ ಡಾಕ್ಟ್ರೇ," ಎಂದೆ. ಪೆನ್ನು ನಿಂತಿತು. ಅವತ್ತಿನಿಂದ ನಿಮ್ಮಪ್ಪ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅದು ಯಾಕೆ ಎಂದು ನೀವು ಅಮ್ಮನನ್ನು ಕೇಳುತ್ತಿದ್ದದ್ದು ನನಗೆ ಕೇಳಿಸಿತು. ಇದೇ ಕಾರಣ. ಅವನು ಮುನಿಸಿಕೊಂಡಿರಲಿ, ಆಸ್ಪತ್ರೆಗೆ ಫ್ಲಾಸ್ಕು ಹಿಡಿದು ಬಂದೇ ಬರುತ್ತಾನೆ.

ಸೋಮವಾರ ಆಪರೇಷನ್. ಥಿಯೇಟರಿನ ಬಾಗಿಲ ಹೊರಗೆ ಕೂತು ಎಲ್ಲರನ್ನೂ ಗದರಿಸಲು ಅಕ್ಕ ಇರಬೇಕಿತ್ತು... ಇಲ್ಲ. ಗದರಿಸುವುದೇನಿದ್ದರೂ ಒಳಗೆ ಹೋಗುವ ಮೊದಲು ನಾನೇ ಗದರಿಸಿ ಹೋಗುತ್ತೇನೆ.