ಮನ್ಮಥಪ್ಪನ ಎರಡು ಕಡೆ

ಮನ್ಮಥಪ್ಪನಿಗೆ ಸುದ್ದಿ ಹೇಳುವುದೆಂದರೆ ಕೋರ್ಟಿನಲ್ಲಿ ಸಾಕ್ಷಿ ನುಡಿದಂತೆ. “ಹೊರಗೆ ಮಳೆ” ಎಂದರೂ “ಯಾರಂದ್ರು? ತೊಯ್ಕೊಂಡಾಂವ ಯಾಂವ?” ಎಂದು ಕೇಳುವ ಆಸಾಮಿ.

ಭಾಲ್ಕಿ ಕಡೆಯವನು, ನಾಸಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ. ಅರವತ್ತರ ದಶಕದ ಕೊನೆಯಲ್ಲಿ ನಾಸಿಕದ ನಮ್ಮ ಕನ್ನಡ ಸಂಘಕ್ಕೆ ಆಸ್ತಿ ಎಂದು ಇದ್ದದ್ದು ಒಂದು ಕರಿಹಲಗೆ. ಅದು ತೂಗುತ್ತಿದ್ದದ್ದು ತ್ರ್ಯಂಬಕ ರಸ್ತೆಯ ಭುಜಂಗರಾಯರ ಹೋಟೆಲಿನ ಗೋಡೆಗೆ. ಊರಿನ ಕನ್ನಡ ಪತ್ರಿಕೆ ನಮ್ಮ ಕೈ ಸೇರುವಷ್ಟರಲ್ಲಿ ಹಳಸಿರುತ್ತಿತ್ತು. ಮರಾಠಿ ಓದಲು ಎಲ್ಲರಿಗೂ ಬರುತ್ತಿರಲಿಲ್ಲ. ಹಾಗಾಗಿ ಪಾಳಿ ಮುಗಿಸಿ ಸೈಕಲ್ ಹೊಡೆದುಕೊಂಡು ಬಂದ ಮನ್ಮಥಪ್ಪ ಊರ ಸುದ್ದಿ, ನೆರೆಹೊರೆಯ ಸುದ್ದಿ ಎಲ್ಲವನ್ನೂ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದ.

ಬರೆಯುವ ಮೊದಲು ಹಲಗೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಕ್ಕೆ ಒಬ್ಬರ ಮಾತು, ಬಲಕ್ಕೆ ಇನ್ನೊಬ್ಬರದು, ಸಾಲು ಸಮಸಮ. ಸೂರ್ಯಗ್ರಹಣ ಬಂದಾಗ ಎಡಕ್ಕೆ ಪಂಚಾಂಗದವರು, ಬಲಕ್ಕೆ ಶಾಲೆಯ ಮಾಸ್ತರರು. ನಮ್ಮ ಹುಡುಗರು ಕಬಡ್ಡಿಯಲ್ಲಿ ಗೆದ್ದಾಗಲೂ ಸೋತವರಿಗೆ ಅಷ್ಟೇ ಸಾಲು ಕೊಟ್ಟಿದ್ದ. ಅವರ ಕ್ಯಾಪ್ಟನ್ ಬಾಯಿಬಡುಕ, ನಮ್ಮವನು ಮೌನಿ; ಸಾಲು ಸಮವಾದರೂ ಬಡಾಯಿಯೆಲ್ಲ ಅವರ ಕಡೆಯೇ ಬಿತ್ತು. ಹಲಗೆ ಓದಿದವರೆಲ್ಲ ನಾವು ಸೋತೆವೆಂದು ತಿಳಿದು ಸಮಾಧಾನ ಹೇಳಲು ಬಂದರು. ನನಗಂತೂ ಮೈ ಉರಿದುಹೋಗಿತ್ತು.

ಹೀಗಿರುವಾಗ ಸಂಘದ ಯುಗಾದಿ ಊಟವಾಯಿತು. ಅಡುಗೆ ಭುಜಂಗರಾಯರ ಭಟ್ಟ ಶೀನನದು. ಊಟವೇನೋ ಸೊಗಸಾಗಿತ್ತು, ಆದರೆ ಸಂಜೆಯೊಳಗೆ ಅರ್ಧ ಸಂಘ ತಂಬಿಗೆ ಹಿಡಿದು ಓಡತೊಡಗಿತು. ಓಡಿದವರಲ್ಲಿ ನಾನೂ ಒಬ್ಬ.

ಮರುದಿನ ಭುಜಂಗರಾಯರು ಮನ್ಮಥಪ್ಪನನ್ನು ಹಲಗೆಯ ಮುಂದೆ ನಿಲ್ಲಿಸಿಕೊಂಡರು. “ಶೀನನ ಅಡುಗೆ ಕೆಟ್ಟದ್ದು, ಅವನನ್ನು ತೆಗೆದುಹಾಕ್ತೇನೆ ಅಂತ ಬರೀರಿ ಮಾರಾಯ್ರೆ. ಇಲ್ಲದಿದ್ರೆ ನನ್ನ ಹೋಟೆಲಿನ ಹೆಸರು ಹಾಳಾಗ್ತದೆ.”

“ಬರೀತೀನ್ರಿ. ಶೀನಪ್ಪನ ಮಾತೂ ಕೇಳ್ತೀನಿ.”

“ಗೋಡೆ ಯಾರದ್ದು?”

“ಗ್ವಾಡಿ ನಿಮ್ದರಿ, ಗೆರಿ ನಂದು,” ಎಂದು ಮನ್ಮಥಪ್ಪ ಅಡುಗೆಮನೆಗೆ ನಡೆದ.

ಶೀನ ಟ್ರಂಕು ಕಟ್ಟುತ್ತಿದ್ದ. ಅಡುಗೆ ಕೆಡಿಸಿದ ಭಟ್ಟ ಎಂದು ಹಲಗೆಯಲ್ಲಿ ಒಮ್ಮೆ ಬಂದರೆ ನಾಸಿಕದ ಯಾವ ಹೋಟೆಲೂ ಅವನನ್ನು ಒಳಗೆ ಸೇರಿಸುವುದಿಲ್ಲ. ಊರಲ್ಲಿ ಹೆಂಡತಿ, ಮಕ್ಕಳು, ತಾಯಿ ಅವನ ಮನಿಯಾರ್ಡರಿಗಾಗಿ ಕಾಯುತ್ತಿದ್ದರು. “ಅಡುಗೆ ನಂದೇ,” ಎಂದ ಶೀನ. “ಮಜ್ಜಿಗೆ ಮಾತ್ರ ನಂದಲ್ಲ. ಅದು ನಿಮ್ಮ ಮನೆಯದ್ದು. ಮಜ್ಜಿಗೆ ಕುಡಿಯದವರು ಯಾರಾದ್ರೂ ಮಲಗಿದ್ದಾರಾ, ನೀವೇ ವಿಚಾರಿಸಿ.”

ಮನ್ಮಥಪ್ಪ ವಿಚಾರಿಸಿದ. ನೆಗಡಿಯೆಂದು ಮಜ್ಜಿಗೆ ಮುಟ್ಟದ ಸಂಘದ ಗುರುಲಿಂಗಪ್ಪ ಕಲ್ಲುಗುಂಡಿನಂತಿದ್ದ. ಮಜ್ಜಿಗೆ ಒಲ್ಲದವರೆಲ್ಲ ಹಾಗೇ ಇದ್ದರು. ಇನ್ನು ಕೇಳಬೇಕಾದವಳು ಚನ್ನಮ್ಮ, ಅವನ ಹೆಂಡತಿ.

“ನನ್ನ ಮಜ್ಜಿಗಿಗೇನಾಗಿತ್ತು?” ಎಂದಳು ಆಕೆ. “ಮಣ್ಣಿನ ಗಡಿಗ್ಯಾಗ ಕಳಿಸಿದ್ದೆ. ಹಿತ್ತಾಳಿ ಹಂಡೆದ ಒಳಗಿನ ತವರದ ಕಲಾಯಿ ಹೋಗ್ಯದ, ಹುಳಿ ಬಿದ್ರ ಕಿಲುಬತದ, ಹಾಕಿಸ್ಕೊಂಡು ಸೀದಾ ಸಂಘದ ಊಟಕ್ಕ ಒಯ್ರಿ, ಅದ್ರಾಗ ಸುರೀರಿ ಅಂದಿದ್ನಿಲ್ಲೋ? ನೀವು ಕಲಾಯಿ ಅಂಗಡಿಗಿ ಹೋದ್ರಿ. ಅಲ್ಲಿ ಯಾರ್ದೋ ಜಗಳ ನಡದಿತ್ತು. ಎರಡೂ ಕಡಿ ಮಾತು ಕೇಳ್ಕೋತ ನಿಂತ್ರಿ. ಕಲಾಯಿ ಮರ್ತು ಹಂಡೆ ಹ್ಯಾಂಗ ಒಯ್ದಿದ್ರೋ ಹಂಗೇ ತಂದು ಮಜ್ಜಿಗಿ ಸುರದ್ರಿ. ಈಗ ತಿರುಗಿ ಬಂದದ ನೋಡ್ರಿ, ಒಳಗೆಲ್ಲ ಹಸರು ಹಸರು!”

ಮನ್ಮಥಪ್ಪ ಹಂಡೆಯೊಳಗೆ ಇಣುಕಿದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತು ಎಂಬ ಗಾದೆಯಂತಾಗಿತ್ತು ಅವನ ಪಾಡು. ಮುಖ ಒರೆಸಿಕೊಂಡು, “ಹಂಗಿದ್ರ ಎಡಕ್ಕ ರಾಯರ ಮಾತು, ಬಲಕ್ಕ ಶೀನಪ್ಪಂದು. ಬರೋಬರಿ ಬರೀತೀನಿ,” ಎಂದ.

ಚನ್ನಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಬರೀರಿ! ಸುಳ್ಳಿಗಿ ಅರ್ಧ, ಖರೇಕ ಅರ್ಧ. ನಿಮ್ಮ ಕೈ ಸ್ವಚ್ಛ, ಶೀನಪ್ಪನ ಹೊಟ್ಟಿ ಮ್ಯಾಲ ಕಲ್ಲು. ನಿಮಗ ಗೊತ್ತಿದ್ದದ್ದು ಯಾವ ಕಡಿ ಬರೀತೀರಿ?”

ಆತ ಚಹಾ ಸಹ ಕುಡಿಯದೆ ಸೈಕಲ್ ತೆಗೆದ.

ಹೋಟೆಲಿನ ಮುಂದೆ ನಾವೆಲ್ಲ ನೆರೆದಿದ್ದೆವು. ಹೊಟ್ಟೆ ಇನ್ನೂ ಗುಡುಗುತ್ತಿದ್ದರೂ ತಮಾಷೆ ಬಿಡಲಾಗದೆ ಬಂದಿದ್ದೆ. ಮನ್ಮಥಪ್ಪ ಹಲಗೆ ಒರೆಸಿದ. ಗೆರೆ ಎಳೆಯಲಿಲ್ಲ. ಇಡೀ ಹಲಗೆಯ ತುಂಬ ದಪ್ಪ ಅಕ್ಷರದಲ್ಲಿ ಬರೆದ: “ಯುಗಾದಿ ಊಟದ ಮಜ್ಜಿಗೆ ಕೆಟ್ಟಿದ್ದು ಕಲಾಯಿ ಇಲ್ಲದ ಹಂಡೆಯ ಕಿಲುಬಿನಿಂದ. ಕಲಾಯಿ ಹಾಕಿಸದೆ ತಂದವನು ಮನ್ಮಥಪ್ಪ. ಶೀನನ ಅಡುಗೆಯಲ್ಲಿ ದೋಷವಿಲ್ಲ.”

ಗುರುಲಿಂಗಪ್ಪ ಸುಮ್ಮನಿರುವ ಪೈಕಿಯೇ? “ಏನ್ರಿ, ಇನ್ನೊಂದ್ ಕಡಿ ಎಲ್ಲದ? ಆ ಕಡಿಯಾಂವನ ಕೇಳೀರಿಲ್ಲೋ?” ಎಂದು ಕೆಣಕಿದ.

“ಕೇಳೀನ್ರಿ,” ಎಂದ ಮನ್ಮಥಪ್ಪ, ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತ. “ದಾರಿ ತುಂಬ ಕೇಳ್ಕೋತ ಬಂದೀನಿ. ಅಂವಗ ಹೇಳೂದು ಏನೂ ಇಲ್ಲಂತ.”

ಕಬಡ್ಡಿಯ ದಿನದಿಂದ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಭುಜಂಗರಾಯರು ಹಲಗೆಯನ್ನು ಓದಿ, ಮತ್ತೊಮ್ಮೆ ಓದಿ, ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕುಳಿತರು. ಅಲ್ಲಿಂದಲೇ ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ಶೀನಾ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದ್ಯಾ ಮಾರಾಯ?”